ಮದ್ದು ಮಿದುಳು ಮುಟ್ಟುವ ದಾರಿ

ತಿಂದ ಅರಿಶಿನ ಮೈಯೊಳಗೆ ಎಲ್ಲಿಗೆ ಹೋಗುತ್ತದೆ? ಎಪ್ಪತ್ತರ ದಶಕದ ಕೊನೆಯಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಒಬ್ಬ ಯುವ ಸಂಶೋಧಕಿ ಈ ಪ್ರಶ್ನೆಯ ಬೆನ್ನು ಹತ್ತಿದ್ದರು. ಅರಿಶಿನಕ್ಕೆ ಹಳದಿ ಬಣ್ಣ ಕೊಡುವುದು ಕರ್ಕ್ಯುಮಿನ್. ಅದನ್ನು 400 ಮಿಲಿಗ್ರಾಂನಷ್ಟು ಇಲಿಗಳಿಗೆ ಉಣಿಸಿ, ಹೊಟ್ಟೆ, ಕರುಳು, ರಕ್ತ, ಯಕೃತ್ತು, ಮೂತ್ರಪಿಂಡ ಎಲ್ಲವನ್ನೂ ಹೊತ್ತು ಹೊತ್ತಿಗೆ ತೆಗೆದು ನೋಡಿದರು. ಕೊಟ್ಟದ್ದರಲ್ಲಿ ಶೇ 60ರಷ್ಟು ಮೈಗೆ ಹೀರಿಕೆಯಾಗಿತ್ತು. ಆದರೆ ಕರುಳಿನಿಂದ ಯಕೃತ್ತಿಗೆ ಹರಿಯುವ ರಕ್ತದಲ್ಲಿ ಸಿಕ್ಕಿದ್ದು ಅದರ ಸುಳಿವು ಮಾತ್ರ. ಹೃದಯದ ರಕ್ತದಲ್ಲಿ ಅದೂ ಇರಲಿಲ್ಲ. ಕರುಳಿನ ಗೋಡೆ ಮತ್ತು ಯಕೃತ್ತು ಸೇರಿ ಕರ್ಕ್ಯುಮಿನ್ನಿಗೆ ಬೇರೆ ಅಣುಗಳನ್ನು ಅಂಟಿಸಿ, ಅದರ ರೂಪವನ್ನೇ ಬದಲಿಸಿ, ಹೊರಗೆ ಸಾಗಿಸಿಬಿಟ್ಟಿದ್ದವು. 1980ರಲ್ಲಿ ‘ಟಾಕ್ಸಿಕಾಲಜಿ’ ಪತ್ರಿಕೆಯಲ್ಲಿ ಬಂದ ಆ ಪ್ರಬಂಧಕ್ಕೆ ಎರಡೇ ಹೆಸರು: ವಿ. ರವೀಂದ್ರನಾಥ್ ಮತ್ತು ಎನ್. ಚಂದ್ರಶೇಖರ.

ಅರಿಶಿನದ ಗುಣಗಾನಕ್ಕೆ ನಮ್ಮಲ್ಲಿ ಎಂದೂ ಬರವಿಲ್ಲ. ಅದು ಮೈಯೊಳಗೆ ಉಳಿಯುತ್ತದೆಯೇ ಎಂದು ಕೇಳಿದವರು ಮಾತ್ರ ಕಡಿಮೆ. ಕರ್ಕ್ಯುಮಿನ್ ಬಗ್ಗೆ ಜಗತ್ತಿನಲ್ಲಿ ಎಲ್ಲಿ ಗಂಭೀರ ಚರ್ಚೆ ನಡೆದರೂ ಮೈಸೂರಿನ ಆ ಲೆಕ್ಕ ಇವತ್ತಿಗೂ ಎದುರು ಬರುತ್ತದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧ ವಿಜ್ಞಾನ ವಿಭಾಗದವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರೀನ್, ಅಂದರೆ ಕಾಳುಮೆಣಸಿನ ಸಾರ, ಕೊಟ್ಟು ನೋಡಿದರು. ಮನುಷ್ಯರ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಪ್ರಮಾಣ ಶೇ 2000ದಷ್ಟು ಏರಿತು. ಕರುಳು ಮತ್ತು ಯಕೃತ್ತಿನ ರೂಪ ಬದಲಿಸುವ ಕೆಲಸಕ್ಕೆ ಮೆಣಸು ಸ್ವಲ್ಪ ಹೊತ್ತು ತಡೆ ಒಡ್ಡಿತ್ತು. ಇಂದು ಅಂಗಡಿಯಲ್ಲಿ ಸಿಗುವ ಕರ್ಕ್ಯುಮಿನ್ ಗುಳಿಗೆಗಳಲ್ಲಿ ಎಷ್ಟೋ ಕಡೆ ಪೈಪರೀನ್ ಬೆರೆಸಿರುವುದಕ್ಕೆ ಕಾರಣ ಇದೇ.

ಆ ಯುವ ಸಂಶೋಧಕಿಯೇ ವಿಜಯಲಕ್ಷ್ಮಿ ರವೀಂದ್ರನಾಥ್. ಭಾರತದಲ್ಲಿ ಮಿದುಳಿನ ಸಂಶೋಧನೆಗೆಂದೇ ಸಂಸ್ಥೆಗಳನ್ನು ಕಟ್ಟಿದವರು. ಅವರು ಬಿ.ಎಸ್ಸಿ., ಎಂ.ಎಸ್ಸಿ. ಓದಿದ್ದು ಆಂಧ್ರ ವಿಶ್ವವಿದ್ಯಾಲಯದಲ್ಲಿ. 1981ರಲ್ಲಿ ಜೀವರಸಾಯನ ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದದ್ದು ಮೈಸೂರು ವಿಶ್ವವಿದ್ಯಾಲಯದಿಂದ. ಈ ಎರಡು ವಿಶ್ವವಿದ್ಯಾಲಯಗಳ ನಡುವೆ ಹಳೆಯ ನಂಟಿದೆ. 1926ರಲ್ಲಿ ಆಂಧ್ರ ವಿಶ್ವವಿದ್ಯಾಲಯ ಹುಟ್ಟಿದ್ದು ಕೃಷ್ಣೆಯ ದಡದ ವಿಜಯವಾಡದಲ್ಲಿ, ಆಗಿನ ಬೆಜವಾಡದಲ್ಲಿ. ವಿಶಾಖಪಟ್ಟಣದ ವಾಲ್ಟೇರಿನ ಕಡಲ ದಿಬ್ಬಕ್ಕೆ ಅದು ಹೋದದ್ದು 1930ರಲ್ಲಿ. ಅದರ ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾ ರೆಡ್ಡಿಯವರು ಅದಕ್ಕೂ ಮುನ್ನ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದವರು, ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆ ನಡೆಸಿದವರು. ಅವರ ನಂತರ ಕುಲಪತಿಯಾದ ಸರ್ವೆಪಲ್ಲಿ ರಾಧಾಕೃಷ್ಣನ್ ಅವರೂ ಅದೇ ಮಹಾರಾಜಾ ಕಾಲೇಜಿನ ಮೇಷ್ಟರು. ಮೈಸೂರಿನಿಂದ ಪೂರ್ವ ಕರಾವಳಿಗೆ ಹೋದ ಆ ವಿದ್ಯೆಯ ಋಣ, ಅರ್ಧ ಶತಮಾನ ಕಳೆದ ಮೇಲೆ ಒಬ್ಬ ವಿದ್ಯಾರ್ಥಿನಿಯ ರೂಪದಲ್ಲಿ ಮೈಸೂರಿಗೇ ಮರಳಿತು ಎಂದು ನನಗೆ ಅನ್ನಿಸುತ್ತದೆ.

ಅವರು ಅರಿಶಿನದಿಂದ ಶುರು ಮಾಡಿದ್ದೂ ಎರಡೂ ನಾಡಿಗೆ ಒಪ್ಪುವ ಮಾತೇ. ವಿಜಯವಾಡದಿಂದ ತೆನಾಲಿಗೆ ಹೋಗುವ ರೈಲು ದಾರಿಯಲ್ಲಿ ಸಿಗುವ ದುಗ್ಗಿರಾಲದ ಅರಿಶಿನ ಮಾರುಕಟ್ಟೆ ಆಂಧ್ರದಲ್ಲಿ ಹೆಸರುವಾಸಿ. ಗುಂಡ್ಲುಪೇಟೆ, ಚಾಮರಾಜನಗರದ ರೈತರಿಗೂ ಅದು ದುಡ್ಡಿನ ಬೆಳೆ.

ಅರಿಶಿನದ ಕೆಲಸದಲ್ಲಿ ಕಂಡ ಒಂದು ಪ್ರಶ್ನೆ ವಿಜಯಲಕ್ಷ್ಮಿ ಅವರ ಮುಂದಿನ ನಲವತ್ತು ವರ್ಷಗಳ ಕೆಲಸದಲ್ಲೆಲ್ಲ ಮತ್ತೆ ಮತ್ತೆ ಎದುರಾಗುತ್ತದೆ. ಮದ್ದು ಮೈಗೆ ಏನು ಮಾಡುತ್ತದೆ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಮೈ ಮದ್ದಿಗೆ ಏನು ಮಾಡುತ್ತದೆ ಎಂಬುದು ಅವರು ಕೇಳಿದ ಪ್ರಶ್ನೆ. ಔಷಧ ತಯಾರಿಕೆಯಲ್ಲಿ ದೊಡ್ಡ ಪಾಲು ಕೆಲಸ ಈ ಎರಡನೆಯದಕ್ಕೇ ಸೇರಿದ್ದು. ಪ್ರಯೋಗಾಲಯದ ತಟ್ಟೆಯಲ್ಲಿ ಕೆಲಸ ಮಾಡಿದ ಎಷ್ಟೋ ಅಣುಗಳು ಯಕೃತ್ತನ್ನು ದಾಟುವ ಮೊದಲೇ ಕರಗಿ ಹೋಗಿವೆ. ಎಷ್ಟೋ ಅಣುಗಳು ಯಕೃತ್ತನ್ನೇ ಕೆಡಿಸಿವೆ. ಅಲ್ಜೈಮರ್ ಕಾಯಿಲೆಗೆಂದು ಅಮೆರಿಕದಲ್ಲಿ ಮೊದಲು ಒಪ್ಪಿಗೆ ಪಡೆದ ಔಷಧ 1993ರ ಟ್ಯಾಕ್ರಿನ್. ಅದು ಬಳಕೆಯಿಂದ ಹಿಂದೆ ಸರಿಯಲು ಯಕೃತ್ತಿಗೆ ಅದರಿಂದಾಗುತ್ತಿದ್ದ ಹಾನಿಯೇ ಮುಖ್ಯ ಕಾರಣ.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಕೆಲವು ಕಾಲ ಸಂಶೋಧನೆ ನಡೆಸಿ ಬಂದ ಅವರು 1986ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸೇರಿದರು. ಔಷಧಗಳನ್ನು ಒಡೆಯುವ ಸೈಟೋಕ್ರೋಮ್ ಪಿ450 ಎಂಬ ಕಿಣ್ವಗಳ ಕುಟುಂಬ ಯಕೃತ್ತಿನದೇ ಸ್ವತ್ತು ಎಂಬ ನಂಬಿಕೆ ಆಗ ಬಲವಾಗಿತ್ತು. ನಿಮ್ಹಾನ್ಸ್‌ನ ನರ ರೋಗಶಾಸ್ತ್ರಜ್ಞ (ನ್ಯೂರೋಪೆಥಾಲಜಿಸ್ಟ್) ಎಸ್.ಕೆ. ಶಂಕರ್ ಅವರ ಜೊತೆಗೂಡಿ ಅವರು ಮರಣೋತ್ತರವಾಗಿ ಪಡೆದ ಮನುಷ್ಯರ ಮಿದುಳನ್ನೇ ಪರೀಕ್ಷೆಗೆ ತೆಗೆದುಕೊಂಡರು. ಅಲ್ಲೂ ಆ ಕಿಣ್ವಗಳಿವೆ, ಕೆಲಸವನ್ನೂ ಮಾಡುತ್ತವೆ ಎಂದು 1989ರ ಪ್ರಬಂಧದಲ್ಲಿ ತೋರಿಸಿದರು. ಯಕೃತ್ತಿಗೆ ಹೋಲಿಸಿದರೆ ಪ್ರಮಾಣ ಕಡಿಮೆ, ನಿಜ. ಆದರೆ ಮಿದುಳಿನಲ್ಲಿ ಇಷ್ಟು ಇದ್ದರೂ ಸಾಕು. ಏಕೆಂದರೆ ಮಾತ್ರೆ ಅಲ್ಲಿ ತಲುಪಿದ ಮೇಲೆ ನರಕೋಶದ ಪಕ್ಕದಲ್ಲೇ ಬೇರೊಂದು ವಸ್ತುವಾಗಬಹುದು.

ಮನಸ್ಸಿನ ಕಳವಳಕ್ಕೆ ವೈದ್ಯರು ಬರೆದುಕೊಡುವ ಅಲ್ಪ್ರಜೋಲಾಂ ಮಾತ್ರೆ ನಮ್ಮ ಎಷ್ಟೋ ಮನೆಗಳ ಔಷಧದ ಡಬ್ಬಿಯಲ್ಲಿದೆ. ಅದನ್ನು ಯಕೃತ್ತು ಹೆಚ್ಚಾಗಿ ಒಂದು ರೂಪಕ್ಕೆ ತಿರುಗಿಸುತ್ತದೆ, ಮಿದುಳು ಇನ್ನೊಂದು ರೂಪವನ್ನು ಯಕೃತ್ತಿಗಿಂತ ಹೆಚ್ಚು ಮಾಡಿಕೊಳ್ಳುತ್ತದೆ. ಆ ಇನ್ನೊಂದು ರೂಪಕ್ಕೂ ಮದ್ದಿನ ಗುಣವಿದೆ. 2002ರಲ್ಲಿ ಅವರ ತಂಡ ಪ್ರಕಟಿಸಿದ ಈ ಸಂಗತಿಯ ತೂಕ ದೊಡ್ಡದು. ಒಂದೇ ಮಾತ್ರೆ ಒಬ್ಬರಿಗೆ ಮಂಪರು ತಂದು ಇನ್ನೊಬ್ಬರಿಗೆ ಏನೂ ಮಾಡದಿರುವುದುಂಟು. ಅದಕ್ಕೆ ರಕ್ತದಲ್ಲಿ ಸುತ್ತುವ ಔಷಧದ ಪ್ರಮಾಣವೊಂದನ್ನೇ ಅಳೆದು ಉತ್ತರ ಹೇಳಲಾಗದು.

ಮಿದುಳಿನ ಕೋಶಗಳು ಒಂದರೊಡನೊಂದು ಮಾತಾಡುವ ಬಗೆಯನ್ನು ಇಲ್ಲಿ ಸ್ವಲ್ಪ ನೋಡಬೇಕು. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶ ಮತ್ತೊಂದನ್ನು ಸಂಧಿಸುವಲ್ಲಿ ಸುಮಾರು 20 ನ್ಯಾನೋಮೀಟರಿನ ಬಿರುಕು ಇರುತ್ತದೆ. ಅದೇ ಸಿನಾಪ್ಸ್. ವಿದ್ಯುತ್ತಾಗಿ ಬಂದ ಸುದ್ದಿ ಇಲ್ಲಿ ರಸಾಯನವಾಗಿ ಆ ಬಿರುಕನ್ನು ದಾಟುತ್ತದೆ. ಈಚೆ ದಡದ ಕೋಶ ಗ್ಲುಟಮೇಟ್, ಡೋಪಮೀನ್, ಅಸಿಟೈಲ್‌ಕೋಲಿನ್ ಮೊದಲಾದ ವಸ್ತುವನ್ನು ಚೆಲ್ಲುತ್ತದೆ, ಆಚೆ ದಡದ ಗ್ರಾಹಕಗಳು ಅದನ್ನು ಹಿಡಿದುಕೊಳ್ಳುತ್ತವೆ. ಮಿದುಳಿಗೆ ಕೊಡುವ ಬಹುಪಾಲು ಮದ್ದು ಕೆಲಸ ಮಾಡುವುದು ಈ ಬಿರುಕಿನ ಆಸುಪಾಸಿನಲ್ಲೇ.

ಈ ತಿಳಿವಳಿಕೆಗೆ ನಮ್ಮ ಒಂದು ಬೇರೂ ಕಾರಣವಾಗಿದೆ. ಸರ್ಪಗಂಧದಿಂದ 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ರೆಸರ್ಪಿನ್ ಬೇರ್ಪಟ್ಟಿತು. ರೆಸರ್ಪಿನ್ ಕೊಟ್ಟ ಮೊಲಗಳು ಅಲುಗಾಡದೆ ಬಿದ್ದವು. ಮೈಯೊಳಗೆ ಡೋಪಮೀನ್ ಆಗುವ ಎಲ್-ಡೋಪಾ ಕೊಟ್ಟಾಗ ಅವು ಮತ್ತೆ ಎದ್ದು ಓಡಾಡಿದವು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ಇದನ್ನು ತೋರಿಸಿದ ಮೇಲೆ ಡೋಪಮೀನ್ ಮಿದುಳಿನ ಸುದ್ದಿವಾಹಕ ಎಂಬುದು ಗಟ್ಟಿಯಾಯಿತು, ಪಾರ್ಕಿನ್ಸನ್ ಕಾಯಿಲೆಗೆ ಮದ್ದಿನ ದಾರಿ ತೆರೆಯಿತು. ಅದೇ ಎಲ್-ಡೋಪಾವನ್ನು ನಸುಗುನ್ನಿ ಬೀಜದಿಂದ ದಾಮೋದರನ್ ಮತ್ತು ರಾಮಸ್ವಾಮಿ ಎಂಬಿಬ್ಬರು ಮದರಾಸಿನಲ್ಲಿ 1937ರಲ್ಲೇ ಬೇರ್ಪಡಿಸಿದ್ದರು. ಅದನ್ನು ಯಾವ ಕಾಯಿಲೆಗೆ ಕೊಡಬೇಕೆಂದು ತಿಳಿಯುವುದಕ್ಕೆ ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ಗಿಡ ಕೈಯಲ್ಲಿದ್ದರೆ ಸಾಲದು, ಅದು ಮಿದುಳಿನ ಯಾವ ಬಾಗಿಲು ತಟ್ಟುತ್ತದೆ ಎಂಬುದೂ ಗೊತ್ತಿರಬೇಕು.

ಗಿಡದಲ್ಲಿ ವಿಷವೂ ಇರುತ್ತದೆ. ಬರಗಾಲದಲ್ಲೂ ಬೆಳೆಯುವ ಕೇಸರಿ ಬೇಳೆಯನ್ನು ತಿಂಗಳುಗಟ್ಟಲೆ ತಿಂದ ಬಡವರಿಗೆ, ಮುಖ್ಯವಾಗಿ ಮಧ್ಯಪ್ರದೇಶದ ರೇವಾ, ಸತ್ನಾ ಕಡೆಯ ಕೂಲಿಗಳಿಗೆ, ಕಾಲು ಸೆಟೆದು ನಡೆಯಲಾಗದಂತಾಗುತ್ತಿತ್ತು. ಅದರ ವಿಷವಸ್ತುವನ್ನು 1964ರಲ್ಲಿ ಬೇರ್ಪಡಿಸಿ ಅದರ ರಚನೆ ತಿಳಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಎಲ್.ಎನ್. ರಾವ್, ಪಿ.ಆರ್. ಅಡಿಗ ಮತ್ತು ಪಿ.ಎಸ್. ಶರ್ಮ. ಆ ವಸ್ತು ಗ್ಲುಟಮೇಟಿನ ವೇಷ ಹಾಕಿ ಗ್ರಾಹಕಗಳ ಮೇಲೆ ಕೂರುತ್ತದೆ. ಸುದ್ದಿ ಬಂದಿಲ್ಲದಿದ್ದರೂ ಬಂದಿದೆ ಎಂದು ಕೋಶ ನಂಬುತ್ತದೆ, ಎಡೆಬಿಡದೆ ಉದ್ರೇಕಗೊಳ್ಳುತ್ತದೆ, ಕಡೆಗೆ ಸೋತು ಸಾಯುತ್ತದೆ. ಈ ಸಾವಿನ ನಡುವಿನ ಹಂತಗಳನ್ನು ಹುಡುಕಿದವರು ವಿಜಯಲಕ್ಷ್ಮಿ ಮತ್ತು ಅವರ ವಿದ್ಯಾರ್ಥಿಗಳು. ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯದ ಮೊದಲ ಕೊಂಡಿ ಇಲ್ಲಿ ಕೆಡುತ್ತದೆ. ಗ್ಲುಟರೆಡಾಕ್ಸಿನ್ ಎಂಬ ಪುಟ್ಟ ಕಿಣ್ವ ಅದನ್ನು ಮತ್ತೆ ಸರಿಪಡಿಸುತ್ತದೆ ಎಂದು 2002ರಲ್ಲಿ ತೋರಿಸಿದರು.

ಕೇಸರಿ ಬೇಳೆಯ ಈ ಕಾಯಿಲೆ ಗಂಡಸರಿಗೇ ಹೆಚ್ಚು ಬರುತ್ತಿತ್ತು, ಅದೇ ಬೇಳೆ ತಿಂದ ಹೆಂಗಸರಿಗೆ ಕಡಿಮೆ. ಕೇಳಿದವರು ದುಡಿಮೆ ಹೆಚ್ಚು, ಊಟ ಹೆಚ್ಚು ಎಂದು ಏನೇನೋ ಕಾರಣ ಹೇಳಿಕೊಂಡಿದ್ದರು. ಇವರ ತಂಡ ನೋಡಿದಾಗ ಹೆಣ್ಣಿಲಿಗಳ ನರಮಂಡಲದಲ್ಲಿ ಗ್ಲುಟರೆಡಾಕ್ಸಿನ್ ಸಹಜವಾಗಿಯೇ ಹೆಚ್ಚಿತ್ತು. ಅದನ್ನು ಹೆಚ್ಚಿಸುತ್ತಿದ್ದದ್ದು ಈಸ್ಟ್ರೋಜೆನ್. ಅಂಡಾಶಯ ತೆಗೆದ ಇಲಿಗಳಲ್ಲಿ ಆ ರಕ್ಷಣೆ ಇಲ್ಲವಾಯಿತು. ಹಳ್ಳಿಯ ದಾರಿಯಲ್ಲಿ ಕೋಲೂರಿ ಬರುವ ಗಂಡಸರನ್ನು ಕಂಡು ಹುಟ್ಟಿದ ಒಂದು ಅನುಮಾನ ಒಂದು ಅಣುವಿನ ಹೆಸರಿನಲ್ಲಿ ನಿಂತಿತು. ನಾನು ಓದಿದ ಭಾರತೀಯ ಸಂಶೋಧನೆಗಳಲ್ಲಿ ಇಷ್ಟು ಮನಸ್ಸಿಗೆ ಹಿಡಿಸಿದವು ಕೆಲವೇ. ಏಕೆಂದರೆ ಈ ಕಾಯಿಲೆಗೆ ಮಾರುಕಟ್ಟೆಯಿಲ್ಲ. ಯಾವ ದೊಡ್ಡ ಔಷಧ ಕಂಪನಿಯೂ ಕೇಸರಿ ಬೇಳೆ ತಿನ್ನುವ ಕೂಲಿಗಾಗಿ ಹಣ ಹೂಡುವುದಿಲ್ಲ. ಅದನ್ನು ಕೇಳಬೇಕಾದವರು ಇಲ್ಲಿನವರೇ.

1996ರಲ್ಲಿ ವೈದ್ಯಕೀಯ ವಿಜ್ಞಾನಕ್ಕೆ ಕೊಡುವ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ವಿಜಯಲಕ್ಷ್ಮಿ ಅವರಿಗೆ ಬಂತು. ಹರಿಯಾಣದ ಮನೇಸರದಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವನ್ನು ಕಟ್ಟುವ ಹೊಣೆಯೂ ಅವರದಾಯಿತು. ಅದರ ಸ್ಥಾಪಕ ನಿರ್ದೇಶಕಿಯಾಗಿ ಹಲವು ವರ್ಷ ದುಡಿದು 2009ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಲ್ಲಿ ನರವಿಜ್ಞಾನ ಕೇಂದ್ರವನ್ನು ಶುರುಮಾಡಿದರು. 2010ರಲ್ಲಿ ಪದ್ಮಶ್ರೀ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯ ಕಾಲ ಹೋಯಿತು. ಈಗ ಫೋನಿನಲ್ಲಿ ದಿನಕ್ಕೆ ಹತ್ತು ಸಲ ಬರುವ ಸಂದೇಶಗಳ ಪ್ರಕಾರ ಹಿತ್ತಲ ಗಿಡವೆಲ್ಲವೂ ಮದ್ದು, ಎಲ್ಲ ಕಾಯಿಲೆಗೂ ಮದ್ದು. ಎರಡೂ ತಪ್ಪು. ಎರಡಕ್ಕೂ ಒಳ್ಳೆಯ ಉತ್ತರ ವಿಜಯಲಕ್ಷ್ಮಿ ಅವರ ತಂಡ 2012ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ನಿಯತಕಾಲಿಕೆಯಲ್ಲಿ ಪ್ರಕಟಿಸಿದ ಅಶ್ವಗಂಧದ ಕೆಲಸದಲ್ಲಿದೆ. ಅಲ್ಜೈಮರ್ ಬರುವಂತೆ ವಂಶವಾಹಿಯಲ್ಲೇ ಬದಲಾವಣೆ ಮಾಡಿದ ಇಲಿಗಳಿಗೆ ಅಶ್ವಗಂಧದ ಬೇರಿನ ಅರೆಶುದ್ಧ ಸಾರವನ್ನು 30 ದಿನ ಕೊಟ್ಟರು. ದಾರಿ ಮರೆಯುತ್ತಿದ್ದ ಇಲಿಗಳ ನೆನಪು ಸುಧಾರಿಸಿತು. ಮಿದುಳಿನಲ್ಲಿ ಗಡ್ಡೆಗಟ್ಟಿದ್ದ ಅಮೈಲಾಯ್ಡ್ ಎಂಬ ಪ್ರೋಟೀನ್ ಕಡಿಮೆಯಾಯಿತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಅದು ಇನ್ನೊಂದು ಸುದ್ದಿಯಾಗುತ್ತಿತ್ತು. ಹೇಗೆ ಎಂದು ಅವರು ಹುಡುಕಿದರು. ಮದ್ದು ಕೊಟ್ಟ 7ನೇ ದಿನ ಮಿದುಳಿನ ಅಮೈಲಾಯ್ಡ್ ಇಳಿದಿತ್ತು, ರಕ್ತದ ಅಮೈಲಾಯ್ಡ್ ಏರಿತ್ತು. ಅಂದರೆ ಅದು ಮಿದುಳಿನಿಂದ ಹೊರಗೆ ಹರಿಯುತ್ತಿದೆ. ಆದರೆ ಮಿದುಳಿನ ರಕ್ತನಾಳಗಳಲ್ಲಿ ಸಾಗಣೆ ಮಾಡುವ ಎಲ್‌ಆರ್‌ಪಿ ಎಂಬ ಪ್ರೋಟೀನ್ ಹೆಚ್ಚಿದ್ದು ಅದಾದ ಮೇಲೆ, 14ರಿಂದ 21ನೇ ದಿನಕ್ಕೆ. ಹಾಗಿದ್ದರೆ ಮೊದಲ ವಾರದಲ್ಲಿ ಅಮೈಲಾಯ್ಡನ್ನು ಸೆಳೆದವರು ಯಾರು? ಯಕೃತ್ತು. ಅಲ್ಲಿ 7ನೇ ದಿನಕ್ಕೇ ಎಲ್‌ಆರ್‌ಪಿ ಏರಿತ್ತು, ಅದರ ತುಣುಕು ರಕ್ತಕ್ಕೆ ಸೇರಿ ಮಿದುಳಿನ ಅಮೈಲಾಯ್ಡನ್ನು ಹೊರಗೆಳೆಯುತ್ತಿತ್ತು. ಅನುಮಾನ ಉಳಿಯದಿರಲೆಂದು ಯಕೃತ್ತಿನಲ್ಲಿ ಮಾತ್ರ ಎಲ್‌ಆರ್‌ಪಿಯನ್ನು ತಗ್ಗಿಸಿ ನೋಡಿದರು. ಅಶ್ವಗಂಧದ ಗುಣವೆಲ್ಲ ಮಾಯವಾಯಿತು.

ಮಿದುಳಿನ ಕಾಯಿಲೆಗೆ ಕೊಟ್ಟ ಮದ್ದು ಮಿದುಳಿಗೆ ಹೋಗಬೇಕಾಗಿಯೇ ಇರಲಿಲ್ಲ! ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆಯನ್ನು ದಾಟಿಸುವುದೇ ನರರೋಗದ ಔಷಧ ತಯಾರಕರ ದೊಡ್ಡ ತಲೆನೋವು. ಇಲ್ಲಿ ಆ ಗೋಡೆಯನ್ನು ಮುಟ್ಟದೆಯೇ ಕೆಲಸ ಶುರುವಾಗಿತ್ತು. ಮೈಸೂರಿನಲ್ಲಿ ಅರಿಶಿನವನ್ನು ತಡೆದು ನಿಲ್ಲಿಸಿದ್ದ ಅದೇ ಯಕೃತ್ತು ಮೂವತ್ತು ವರ್ಷಗಳ ನಂತರ ಅಶ್ವಗಂಧಕ್ಕೆ ದಾರಿಯಾಗಿ ಕಂಡಿತು. ಅವರ ಮೊದಲ ಕೆಲಸ ಗೊತ್ತಿರುವವರಿಗೆ ಇದರ ಸೊಗಸು ಇನ್ನಷ್ಟು.

ಹಾಗೆಂದು ಇದನ್ನು ಓದಿ ಯಾರೂ ಅಶ್ವಗಂಧದ ಡಬ್ಬಿ ತರಿಸಿ ಮನೆಯ ಹಿರಿಯರಿಗೆ ಕೊಡಬಾರದು. ಪರೀಕ್ಷೆ ನಡೆದಿದ್ದು ಇಲಿಗಳ ಮೇಲೆ, ಅಳತೆ ಮಾಡಿದ ಒಂದು ಸಾರದಿಂದ, ದೊಡ್ಡ ಪ್ರಮಾಣದಲ್ಲಿ. ಅಶ್ವಗಂಧದ ಗುಳಿಗೆಗಳನ್ನು ತಾವೇ ತೆಗೆದುಕೊಂಡವರಲ್ಲಿ ಯಕೃತ್ತು ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಮದ್ದಿನ ದಾರಿ ಯಕೃತ್ತಿನ ಮೂಲಕ ಎಂದು ಗೊತ್ತಾದ ಮೇಲಂತೂ ಈ ಎಚ್ಚರ ಎರಡು ಪಟ್ಟು ಬೇಕು.

ಅಲ್ಜೈಮರ್‌ನಲ್ಲಿ ಕೋಶ ಸಾಯುವುದಕ್ಕೆ ಎಷ್ಟೋ ಮೊದಲೇ ಕೋಶಗಳ ನಡುವಿನ ಮಾತು ಕೆಡುತ್ತದೆ. ಅವರ ನಂತರದ ಕೆಲಸ ಈ ಮೊದಲ ಗಳಿಗೆಯನ್ನು ಹಿಡಿಯುವುದಕ್ಕೆ. ಸುದ್ದಿ ಪಡೆಯುವ ಕೋಶದ ಕವಲುಗಳ ಮೇಲೆ ಸಣ್ಣ ಸಣ್ಣ ಮುಳ್ಳುಗಳಿರುತ್ತವೆ. ಸ್ಪೇನಿನ ಸಾಂತಿಯಾಗೋ ರಮೋನ್ ಇ ಕಹಾಲ್ 1888ರಲ್ಲಿ ಅವನ್ನು ಗುರುತಿಸಿದ್ದರು. ಈ ಮುಳ್ಳಿನ ಆಕಾರವನ್ನು ಎತ್ತಿ ಹಿಡಿಯುವುದು ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು, ಚಪ್ಪರವನ್ನು ಹೊತ್ತ ಬಿದಿರು ಗಳಗಳ ಹಾಗೆ. ವಿಜಯಲಕ್ಷ್ಮಿ, ರೆಡ್ಡಿ ಪೀರ ಕೊಮ್ಮದ್ದಿ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಅಲ್ಜೈಮರ್ ಮಾದರಿಯ ಇಲಿಗಳಿಗೆ ಒಂದೇ ತಿಂಗಳ ವಯಸ್ಸಾಗುವಾಗ ಸಿನಾಪ್ಸಿನಲ್ಲಿ ಈ ಎಳೆಗಳು ಬಿಡಿಯಾಗತೊಡಗಿರುತ್ತವೆ. ಎರಡನೇ ತಿಂಗಳಿಗೆ ನೆನಪು ತಪ್ಪುತ್ತದೆ. ಎಳೆಗಳನ್ನು ಮತ್ತೆ ಹೆಣೆಯುವ ಜಾಸ್‌ಪ್ಲಾಕಿನೊಲೈಡ್ ಎಂಬ ವಸ್ತು ಕೊಟ್ಟಾಗ ಮುಳ್ಳುಗಳ ಸಂಖ್ಯೆಯೂ ನೆನಪೂ ಮರಳಿದವು. ತೀರಿಕೊಂಡ ರೋಗಿಗಳ ಮಿದುಳಿನ ಮಾದರಿಗಳಲ್ಲೂ ಅದೇ ಕಥೆ. ಎಳೆಗಳು ಕಡಿಮೆಯಾದಷ್ಟೂ ಬದುಕಿದ್ದಾಗಿನ ನೆನಪಿನ ಅಂಕಗಳೂ ಕಡಿಮೆ.

ಜಾಸ್‌ಪ್ಲಾಕಿನೊಲೈಡ್ ಮನುಷ್ಯರಿಗೆ ಕೊಡುವಂಥ ಮದ್ದಲ್ಲ. ಆಕ್ಟಿನ್ ಮೈಯ ಪ್ರತಿ ಕೋಶದಲ್ಲೂ ಇದೆ. ಎಲ್ಲೆಡೆ ಅದನ್ನು ಬಿಗಿದರೆ ಅನಾಹುತ. ಆದರೆ ಇಂಥ ಕೆಲಸದಿಂದ ಔಷಧ ಹುಡುಕುವವರಿಗೆ ಎಲ್ಲಿ ನೋಡಬೇಕು, ಎಷ್ಟು ಬೇಗ ನೋಡಬೇಕು ಎಂಬುದು ತಿಳಿಯುತ್ತದೆ. ಅಮೈಲಾಯ್ಡ್ ತೆಗೆಯುವ ಲೆಕನೆಮ್ಯಾಬ್ 2023ರಲ್ಲಿ, ಡೊನನೆಮ್ಯಾಬ್ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಅವು ಕಾಯಿಲೆಯ ಓಟವನ್ನು ಸ್ವಲ್ಪ ನಿಧಾನಿಸುತ್ತವೆ, ನಿಲ್ಲಿಸುವುದಿಲ್ಲ. ಗಡ್ಡೆ ಕಟ್ಟಿ, ಮುಳ್ಳು ಉದುರಿ, ಕೋಶ ಸತ್ತ ಮೇಲೆ ಬರುವ ಮದ್ದು ಎಷ್ಟು ಒಳ್ಳೆಯದಾದರೂ ತಡವಾದದ್ದೇ.

ಹಾಗಾದರೆ ಬೇಗ ತಿಳಿಯುವುದು ಹೇಗೆ? ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4 ಮಂದಿಗೆ, ಸುಮಾರು 88 ಲಕ್ಷ ಜನರಿಗೆ, ಮರೆಗುಳಿತನವಿದೆ ಎಂದು 2023ರ ಅಂದಾಜು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ವಯಸ್ಸಾದ ಮೇಲೆ ಮರೆವು ಸಹಜ ಎಂದು ನಾವು ಅದನ್ನು ಮನೆಯೊಳಗೇ ಮುಚ್ಚಿಡುತ್ತೇವೆ. ಆರೈಕೆ ಮಾಡುವ ಸೊಸೆಯೋ ಮಗಳೋ ಒಬ್ಬಳೇ ಸವೆಯುತ್ತಾಳೆ. ಇನ್ಫೋಸಿಸ್ ಸಹಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಮತ್ತು ಸುಧಾ ಗೋಪಾಲಕೃಷ್ಣನ್ ಅವರ ನೆರವಿನಿಂದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಹುಟ್ಟಿದ ಮಿದುಳು ಸಂಶೋಧನಾ ಕೇಂದ್ರದ ಸ್ಥಾಪಕ ನಿರ್ದೇಶಕಿಯಾದಾಗ ವಿಜಯಲಕ್ಷ್ಮಿ ಅವರು ಇಲಿಗಳನ್ನು ಬಿಟ್ಟು ನೇರ ಹಳ್ಳಿಗೆ ನಡೆದರು ಎನ್ನಬಹುದು.

ಆಯ್ದುಕೊಂಡಿದ್ದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕು. ಮಾವಿನ ತೋಪುಗಳ ಸೀಮೆ, ಆಂಧ್ರದ ಗಡಿಗೆ ಅಂಟಿಕೊಂಡದ್ದು. ಕನ್ನಡ, ತೆಲುಗು ಎರಡೂ ಒಂದೇ ಜಗಲಿಯಲ್ಲಿ ಓಡಾಡುವ ಊರುಗಳು. 45 ದಾಟಿದ 10,000 ಜನರನ್ನು ಸೇರಿಸಿಕೊಂಡು, ಅವರ ನೆನಪು, ರಕ್ತ, ವಂಶವಾಹಿ, ಮಿದುಳಿನ ಎಂಆರ್‌ಐ ಎಲ್ಲವನ್ನೂ ವರ್ಷಗಳ ಕಾಲ ಮತ್ತೆ ಮತ್ತೆ ನೋಡುವುದು ಉದ್ದೇಶ. ಈಗ ಅವರು ಆರೋಗ್ಯವಂತರು. ಮುಂದೆ ಯಾರಿಗೆ ಮರೆವು ಬರುತ್ತದೆ, ಯಾರಿಗೆ ಬರುವುದಿಲ್ಲ, ಬರುವವರ ರಕ್ತದಲ್ಲಿ ಎಷ್ಟು ಮೊದಲೇ ಏನು ಕಾಣುತ್ತದೆ ಎಂದು ಹಿಂದಿರುಗಿ ನೋಡಲು ಈ ದಾಖಲೆ ಬೇಕು. ಪಶ್ಚಿಮದ ದೇಶಗಳಲ್ಲಿ ಇಂಥ ಅಧ್ಯಯನಗಳು ಹಲವಿವೆ. ಆದರೆ ಅಲ್ಲಿನ ಓದು ಬಲ್ಲ ಪಟ್ಟಣಿಗರಿಗೆಂದು ಮಾಡಿದ ಪರೀಕ್ಷೆಯನ್ನು ಶಾಲೆಯ ಮೆಟ್ಟಿಲು ಹತ್ತದ ಶ್ರೀನಿವಾಸಪುರದ ಅಜ್ಜಿಗೆ ಕೊಟ್ಟರೆ, ಆಕೆಯ ಮಿದುಳನ್ನು ಬಿಟ್ಟು ಆಕೆಗೆ ಸಿಗದ ಶಾಲೆಯನ್ನು ಅಳೆದಂತಾಗುತ್ತದೆ. ಹಾಗಾಗಿ ಪರೀಕ್ಷೆಗಳನ್ನೇ ಇಲ್ಲಿನ ಮಾತಿಗೆ, ಬದುಕಿಗೆ ಒಗ್ಗಿಸಿಕೊಳ್ಳಬೇಕಾಯಿತು.

ಈ ಕೆಲಸದಿಂದ ಹುಟ್ಟಿದ ಇನ್ನೊಂದು ಆಸೆ ದೇಶದಗಲದ ವಂಶವಾಹಿ ನಕ್ಷೆ. ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ ‘ಜಿನೋಮ್ ಇಂಡಿಯಾ’ ಯೋಜನೆಯನ್ನು ಹೊಂದಿಸಿ ನಡೆಸಿದ್ದು ಇದೇ ಕೇಂದ್ರ. ಸುಮಾರು 10,000 ಭಾರತೀಯರ ಪೂರ್ಣ ಜಿನೋಮ್ ಓದಿ 2025ರ ಜನವರಿಯಲ್ಲಿ ದತ್ತಾಂಶವನ್ನು ಸಂಶೋಧಕರಿಗೆ ತೆರೆಯಲಾಯಿತು. ಮಾತ್ರೆಗಳನ್ನು ಒಡೆಯುವ ಪಿ450 ಕಿಣ್ವಗಳು ಜನರಿಂದ ಜನರಿಗೆ ಬೇರೆಯಾಗುತ್ತವೆ. ಯಾರಿಗೆ ಯಾವ ಮದ್ದು ಎಷ್ಟು ಎಂಬುದನ್ನು ನಮ್ಮವರ ವಂಶವಾಹಿ ನೋಡಿ ಹೇಳುವ ದಿನಕ್ಕೆ ಈ ದಾಖಲೆಯೇ ಆಧಾರ.

ಮದ್ದಿಗಿಂತ ಮೊದಲು ಮಾಡಬಹುದಾದ ಕೆಲಸವೂ ಕಮ್ಮಿಯಿಲ್ಲ. 2024ರ ಲ್ಯಾನ್ಸೆಟ್ ಆಯೋಗದ ವರದಿ 14 ಅಪಾಯಗಳನ್ನು ಪಟ್ಟಿ ಮಾಡಿತು. ಅವನ್ನು ತಡೆದರೆ ಮರೆಗುಳಿತನದ ಶೇ 45ರಷ್ಟನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಲೆಕ್ಕ. ಓದು ಸಿಗದಿರುವುದು, ಕಿವಿ ಮಂದವಾಗುವುದು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಂದವಾದ ದೃಷ್ಟಿಗೆ ಚಿಕಿತ್ಸೆಯಿಲ್ಲದಿರುವುದು, ಹೊಗೆ, ಒಂಟಿತನ ಎಲ್ಲ ಆ ಪಟ್ಟಿಯಲ್ಲಿವೆ. ಇವುಗಳಲ್ಲಿ ಬಹುಪಾಲನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ನೋಡಿಕೊಳ್ಳಬಹುದು. ಶ್ರೀನಿವಾಸಪುರದ ದಾಖಲೆ ತೋರಿಸಬೇಕಾದದ್ದು ಇವುಗಳಲ್ಲಿ ಯಾವುದು ನಮ್ಮ ಹಳ್ಳಿಗಳಲ್ಲಿ ಹೆಚ್ಚು ಕೆಡುಕು ಮಾಡುತ್ತಿದೆ ಎಂಬುದನ್ನು. ಅದಕ್ಕೆ ಇನ್ನೂ ಹಲವು ವರ್ಷ ಹಿಡಿಯುತ್ತದೆ. ಒಮ್ಮೆ ರಕ್ತ ಕೊಟ್ಟವರು ಮತ್ತೊಮ್ಮೆ, ಮಗದೊಮ್ಮೆ ಬಂದು ಕೊಡಬೇಕು. ದುಡ್ಡು ಕೊಡುವ ಸರ್ಕಾರ, ದಾನಿಗಳೂ ಅಷ್ಟು ಕಾಲ ಕೊಡುತ್ತಲೇ ಇರಬೇಕು.